ನಂಜೇಗೌಡರ ಪಾದಸೇವೆ

ನಾಯಕನಾಗುವ ಗುಣ ನನ್ನಲ್ಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀವಾಗಿಯೇ ಕಂಡುಹಿಡಿದು ನಗುವುದಕ್ಕಿಂತ ನಾನೇ ಹೇಳಿಬಿಟ್ಟರೆ ಸ್ವಲ್ಪ ಮರ್ಯಾದೆಯಾದರೂ ಉಳಿದೀತು. ಹೋಟೆಲಿನಲ್ಲಿ ನಾನು ಮೂರು ಸಲ ಕೈಯೆತ್ತಿ ಕರೆದರೂ ಸಪ್ಲೈಯರ್ ಪಕ್ಕದ ಟೇಬಲಿನವರನ್ನು ‘ಏನ್ ಬೇಕು ಸಾ’ ಎಂದು ಕೇಳುತ್ತಾನೆ. ಚರ್ಚಿನಲ್ಲಿ ನಾನು ಹಾಡು ಎತ್ತಿಕೊಂಡರೆ ಉಳಿದವರೆಲ್ಲ ಪುಸ್ತಕದ ಪುಟ ತಿರುವುತ್ತಾ ನಾನು ಮುಗಿಸುವುದನ್ನೇ ಕಾಯುತ್ತಾರೆ. ಬಸ್ಸಿನಲ್ಲಿ ‘ಸ್ವಲ್ಪ ಆ ಕಡೆ ಸರೀರಿ’ ಎಂದರೆ ಸರಿಯಬೇಕಾದವರು ಇನ್ನಷ್ಟು ಹರಡಿಕೊಂಡು ಕೂರುತ್ತಾರೆ. ಮನೆಯ ವಿಷಯ ಹೇಳುವುದೇ ಬೇಡ. ಇಂಥ ಇನ್ನಾಸಪ್ಪನಾದ ನಾನು ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿರುವ ಒಂದು ಶಾಮಿಯಾನ ಅಂಗಡಿಯ ಯಜಮಾನ. ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ, ಬೀಳ್ಕೊಡುಗೆ, ಹೀಗೆ ನಾಲ್ಕು ಜನ ಕೂತು ಉಣ್ಣುವ ಯಾವ ಕಾರ್ಯವೇ ಇರಲಿ, ಅದಕ್ಕೆ ಬೇಕಾದ ಪೆಂಡಾಲು, ಕುರ್ಚಿ, ಜಮಖಾನ, ಅಡುಗೆಯ ಪಾತ್ರೆ ಎಲ್ಲವನ್ನೂ ಬಾಡಿಗೆಗೆ ಕೊಡುತ್ತೇವೆ. ಅಂಗಡಿಯ ಬೋರ್ಡಿನ ಮೇಲೆ ಸಂತ ಅಂತೋಣಿಯವರ ಚಿತ್ರವಿದೆ. ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವ ಸಂತರು ಅವರು. ಮದುವೆ ಮನೆಗೆ ಸೌಟು ಕಳಿಸುವ ವ್ಯಾಪಾರಕ್ಕೆ ಅವರಿಗಿಂತ ತಕ್ಕವರು ಸಿಕ್ಕಲಾರರೆಂದು ನಮ್ಮಪ್ಪ ಆ ಚಿತ್ರ ಬರೆಸಿದ್ದರು.

ನಮ್ಮದು ತಲೆಮಾರುಗಳಿಂದ ಕ್ರೈಸ್ತ ಕುಟುಂಬ. ಈ ವ್ಯಾಪಾರಕ್ಕೂ ನಮ್ಮ ವಿಶ್ವಾಸಕ್ಕೂ ಇರುವುದು ಒಂದೇ ಜಗಳ, ಅದು ಭಾನುವಾರದ್ದು. ಭಾನುವಾರ ದೇವರ ದಿನ, ಕೆಲಸ ಬಿಟ್ಟು ಪೂಜೆಗೆ ಬನ್ನಿ ಎನ್ನುತ್ತಾರೆ ನಮ್ಮ ಫಾದರ್. ಭಾನುವಾರ ಎಲ್ಲರಿಗೂ ರಜ, ಅವತ್ತೇ ಮದುವೆ ಇಟ್ಟುಕೊಳ್ಳೋಣ ಎನ್ನುತ್ತದೆ ಉಳಿದ ಇಡೀ ತಾಲ್ಲೂಕು. ನಾನು ಚರ್ಚಿನಲ್ಲಿ ಮೊಣಕಾಲೂರಿ ಕೂತ ಹೊತ್ತಿಗೇ ಜೇಬಿನಲ್ಲಿ ಫೋನು ಗುರುಗುಟ್ಟುತ್ತದೆ. ಪೆಂಡಾಲಿನ ಒಂದು ಮೂಲೆ ಜೋತುಬಿದ್ದಿದೆ, ಐವತ್ತು ಕುರ್ಚಿ ಕಮ್ಮಿಯಾಗಿದೆ, ಹುಡುಗಿಯ ಸೋದರಮಾವ ಕೆಂಪು ಜಮಖಾನವೇ ಬೇಕೆಂದು ಹಟ ಹಿಡಿದಿದ್ದಾರೆ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿರುವಂತೆ ಕಂಡರೂ ನಾನು ನಿಜವಾಗಿ ಬೇಡುತ್ತಿರುವುದು ಗಾಳಿ ಬೀಸದಿರಲಿ ಎಂದು. ಅಪ್ಪ ಮಾತ್ರ ಈ ಜಗಳವನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿದ್ದರು. ಭಾನುವಾರದ ದೇವರನ್ನು ತಾವು ನೋಡಿಕೊಂಡರು, ಭಾನುವಾರದ ಪೆಂಡಾಲನ್ನು ನಂಜೇಗೌಡರಿಗೆ ಬಿಟ್ಟರು. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಜೊತೆಗೆ ಈ ಏರ್ಪಾಡೂ ನನಗೆ ಬಂತು.

ನಂಜೇಗೌಡರು ನಮ್ಮ ಮೇಸ್ತ್ರಿ. ಹಳ್ಳಿಮೈಸೂರಿನ ಕಡೆಯವರು. ಊರಿನಲ್ಲಿ ಒಂದಿಷ್ಟು ಜಮೀನಿದೆ, ಅದನ್ನು ತಮ್ಮ ನೋಡಿಕೊಳ್ಳುತ್ತಾರೆ. ಮೀಸೆ ಮೂಡುವ ವಯಸ್ಸಿನಲ್ಲಿ ಅಪ್ಪನ ಜೊತೆ ಕಂಬ ಹೊರಲು ಬಂದವರು ಈಗ ಅರವತ್ತರ ಹತ್ತಿರ ಬಂದಿದ್ದಾರೆ. ಒಂದು ಬಯಲಿಗೆ ಕಾಲಿಟ್ಟರೆ ಅವರು ಟೇಪು ಹಿಡಿಯುವುದಿಲ್ಲ. ಒಂದು ಸುತ್ತು ನಡೆದು ಬಂದು ಹಿಮ್ಮಡಿಯಿಂದ ನೆಲ ಒತ್ತಿ ‘ಇಲ್ಲಿ’ ಎನ್ನುತ್ತಾರೆ, ಅಲ್ಲಿ ಗೂಟ ಬೀಳುತ್ತದೆ. ಗಾಳಿ ಯಾವ ಕಡೆಯಿಂದ ಬರುತ್ತದೆ, ಅಡುಗೆಯವರ ಹೊಗೆ ಎತ್ತ ಹೋಗುತ್ತದೆ, ಬೀಗರು ಎಲ್ಲಿ ಕೂತು ಮುನಿಸಿಕೊಳ್ಳುತ್ತಾರೆ ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತು. ಕೆಲಸದವರಿಗೆ ಅವರು ಬೈದದ್ದನ್ನು ನಾನು ಕೇಳಿಲ್ಲ. ತಪ್ಪಾಗಿ ಕಟ್ಟಿದ ಹಗ್ಗದ ಮುಂದೆ ಸುಮ್ಮನೆ ನಿಂತುಕೊಳ್ಳುತ್ತಾರೆ. ಕಟ್ಟಿದವನು ತಾನೇ ಬಂದು ಬಿಚ್ಚುತ್ತಾನೆ. ಅದೇ ಹಗ್ಗದ ಮುಂದೆ ನಾನು ನಿಂತರೆ ಕೆಲಸದವರು ‘ಒಸಿ ಆ ಕಡೀಕೆ ನಿಂತ್ಕಳಿ ಸಾ, ಅಡ್ಡ ಆಯ್ತದೆ’ ಎನ್ನುತ್ತಾರೆ.

ಹೀಗೆ ನೆಮ್ಮದಿಯಾಗಿದ್ದವನನ್ನು ಫಾದರ್ ಹಾಸನಕ್ಕೆ ಕಳಿಸಿದರು. ವ್ಯಾಪಾರ ವಹಿವಾಟು ನಡೆಸುವ ಕ್ರೈಸ್ತರಿಗೆಂದು ಅಲ್ಲಿ ಎರಡು ದಿನದ ಶಿಬಿರವಿತ್ತು. ವಿಶ್ವಾಸವನ್ನೂ ವ್ಯಾಪಾರವನ್ನೂ ಒಳ್ಳೆಯ ನಾಯಕತ್ವದಿಂದ ಹೇಗೆ ಒಂದುಗೂಡಿಸಬೇಕು ಎಂಬುದು ವಿಷಯ. ನನ್ನ ಪಕ್ಕದಲ್ಲಿ ಅರಕಲಗೂಡಿನ ಒಬ್ಬ ಕೋಳಿಫಾರಂ ಮಾಲೀಕರು ಕೂತಿದ್ದರು. ಅವರ ಮಾತನ್ನೂ ನನ್ನದರಂತೆಯೇ ಯಾರೂ ಕೇಳುವುದಿಲ್ಲವಂತೆ. ಕೋಳಿಗಳೂ ಕೇಳುವುದಿಲ್ಲವೆಂದು ಬೇಸರ ಮಾಡಿಕೊಂಡರು. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಮಾತ್ರ ಬಲು ಚುರುಕು. ಒಂದು ಕಡೆ ನಿಲ್ಲದೆ ಓಡಾಡುತ್ತಾ, ಪರದೆಯ ಮೇಲೆ ಚಿತ್ರ ಬದಲಾಯಿಸುತ್ತಾ, ನಡುನಡುವೆ ನಮ್ಮ ಹೆಸರು ಹಿಡಿದು ಪ್ರಶ್ನೆ ಕೇಳುತ್ತಾ ಯಾರನ್ನೂ ಊಟದ ನಂತರವೂ ತೂಕಡಿಸಲು ಬಿಡಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಅವರು ಒಂದು ಚಿತ್ರ ತೋರಿಸಿ ಸುಮ್ಮನೆ ನಿಂತರು. ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿಯ ಮುಂದೆ ಕೂತು ಶಿಷ್ಯರ ಕಾಲು ತೊಳೆಯುತ್ತಿರುವ ಚಿತ್ರ. ‘ನಿಜವಾದ ನಾಯಕ ಸೇವಕ. ನಿಮ್ಮ ಅಂಗಡಿಯಲ್ಲಿ ನೀವು ಯಾರ ಕಾಲನ್ನು ತೊಳೆದಿದ್ದೀರಿ, ಇನ್ನಾಸಪ್ಪನವರೆ?’ ಎಂದು ಕೇಳಿದರು.

ನಾನು ಎದ್ದು ನಿಂತು ಬೆವರಿದೆ. ಪ್ರತಿ ವರ್ಷ ಪವಿತ್ರ ಗುರುವಾರದಂದು ನಮ್ಮ ಚರ್ಚಿನಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಆ ಹನ್ನೆರಡರಲ್ಲಿ ಎಷ್ಟೋ ವರ್ಷಗಳಿಂದ ನಾನೂ ಒಬ್ಬ. ನನ್ನ ಹೆಂಡತಿ ಲೂರ್ದಮ್ಮ ಅವತ್ತು ಮಧ್ಯಾಹ್ನವೇ ನನ್ನನ್ನು ಬಚ್ಚಲಲ್ಲಿ ಕೂರಿಸಿ, ಕಲ್ಲಿನಿಂದ ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿ, ಫಾದರಿಗೆ ತೊಳೆಯಲು ಏನೂ ಉಳಿಯದಂತೆ ಮಾಡಿ ಕಳಿಸುತ್ತಾಳೆ. ಇಷ್ಟು ವರ್ಷ ಕಾಲು ಚಾಚುವುದನ್ನು ಕಲಿತೆನೇ ಹೊರತು ಬಗ್ಗುವುದನ್ನು ಕಲಿಯಲಿಲ್ಲವಲ್ಲ ಎನಿಸಿ ನಿಜವಾಗಿಯೂ ನಾಚಿಕೆಯಾಯಿತು. ನಂಜೇಗೌಡರ ಕಾಲು ಕಣ್ಣ ಮುಂದೆ ಬಂತು. ನಾನು ಭಾನುವಾರ ಬೂಟು ಹಾಕಿಕೊಂಡು ದೇವರ ಮುಂದೆ ಕೂರುವಾಗ ಆ ಕಾಲುಗಳು ಯಾವುದೋ ಊರಿನ ಬಯಲಲ್ಲಿ ಗೂಟದ ಜಾಗ ಹುಡುಕುತ್ತಿರುತ್ತವೆ. ಆ ಸಂಜೆ ಬಸ್ಸಿನಲ್ಲಿ ಬರುವಾಗಲೇ ಸೋಮವಾರ ಬೆಳಗ್ಗೆ ಏನು ಮಾಡಬೇಕೆಂದು ನಿಶ್ಚಯಿಸಿದೆ. ಲೂರ್ದಮ್ಮನಿಗೆ ಹೇಳಿದಾಗ ಅವಳು ‘ಗೌಡ್ರಿಗೆ ಮೊದ್ಲು ಒಂದು ಮಾತು ಹೇಳ್ರೀ, ಏಕಾಏಕಿ ಕಾಲಿಗೆ ಕೈ ಹಾಕ್ಬೇಡಿ’ ಎಂದಳು. ಅಚ್ಚರಿಯಲ್ಲೇ ಪ್ರೀತಿಯಿರುವುದು ಎಂದು ತರಬೇತುದಾರರಿಂದ ಕಲಿತು ಬಂದಿದ್ದ ನಾನು ಹೆಂಡತಿಯ ಮಾತಿಗೆ ಬೆಲೆ ಕೊಡಲಿಲ್ಲ.

ಸೋಮವಾರ ಬೆಳಗ್ಗೆ ಕೆಲಸದವರೆಲ್ಲ ಸೇರಿದ ಮೇಲೆ ನಂಜೇಗೌಡರನ್ನು ಕೂತುಕೊಳ್ಳಿ ಎಂದೆ. ಪ್ಲಾಸ್ಟಿಕ್ ಕುರ್ಚಿಗಳೆಲ್ಲ ಹಳೇಕೋಟೆಯ ಒಂದು ನಾಮಕರಣಕ್ಕೆ ಹೋಗಿದ್ದವು. ಉಳಿದದ್ದು ಗಂಡುಹೆಣ್ಣು ಕೂರುವ, ಕೆಂಪು ಮಖಮಲ್ಲಿನ, ಸಿಂಹದ ತಲೆಯ ಕೈಗಳಿರುವ ಮಹಾರಾಜ ಕುರ್ಚಿ ಒಂದೇ. ಅದರಲ್ಲೇ ಕೂರಿಸಿದೆ. ಮದುವೆಗಳಲ್ಲಿ ಅಳಿಯನ ಕಾಲು ತೊಳೆಯಲು ಕೊಡುವ ಹಿತ್ತಾಳೆಯ ತಾಂಬಾಳ ತಂದು ಅವರ ಮುಂದಿಟ್ಟೆ. ಲಗೇಜ್ ಆಟೊ ಓಡಿಸುವ ಸಾದಿಕ್ ‘ಮೇಸ್ತ್ರಿಗೆ ಇನ್ನೊಂದ್ ಮದ್ವೆನಾ ಸಾ?’ ಎಂದು ಕೇಳಿ ಎಲ್ಲರನ್ನೂ ನಗಿಸಿದ. ನಾನು ಕೂತು ಅವರ ಪಾದ ಹಿಡಿದಾಗ ನಗು ನಿಂತಿತು. ನಂಜೇಗೌಡರು ಕಾಲು ಎಳೆದುಕೊಂಡರು, ನಾನು ಬಿಡಲಿಲ್ಲ. ನೀರು ಹಾಕಿ ತೊಳೆದೆ. ಹಿಮ್ಮಡಿಯ ಬಿರುಕುಗಳಲ್ಲಿ ಎಷ್ಟೋ ಊರುಗಳ ಮಣ್ಣು ಕೂತಿತ್ತು. ಎಡಗಾಲಿನ ಹೆಬ್ಬೆರಳಿನ ಮೇಲೆ ಗೂಟದ ಏಟಿನ ಹಳೆಯ ಗಾಯವಿತ್ತು, ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ. ಹೊಸ ಟವೆಲಿನಿಂದ ಒರೆಸಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತೇನೋ. ಮನಸ್ಸು ತುಂಬಿ ಬಂದದ್ದರಿಂದ, ಬೀಳ್ಕೊಡುಗೆ ಸಮಾರಂಭಗಳಿಗೆಂದು ತರಿಸಿಟ್ಟಿದ್ದ ಶಾಲುಗಳಲ್ಲಿ ಒಂದನ್ನು ಬಿಚ್ಚಿ ಹೊದಿಸಿದೆ. ಎರಡು ಮಾತನ್ನೂ ಆಡಿದೆ. ‘ನಂಜೇಗೌಡರು ಇಷ್ಟು ವರ್ಷ ಈ ಅಂಗಡಿಗಾಗಿ ಬೆವರು ಸುರಿಸಿದ್ದಾರೆ. ಅವರ ಋಣವನ್ನು ನಾವು ತೀರಿಸಲಾರೆವು. ಭಗವಂತ ಅವರಿಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ’ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಂಜೇಗೌಡರು ಎದ್ದು ನಿಂತರು. ಶಾಲನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕಾಗಿ ಮಡಿಸಿದರು. ಸೊಂಟದಿಂದ ಉಗ್ರಾಣದ ಬೀಗದ ಕೈ ತೆಗೆದು ನನ್ನ ಮೇಜಿನ ಮೇಲಿಟ್ಟರು. ‘ಆಯ್ತು ಸಾ. ಬತ್ತೀನಿ’ ಎಂದು ಹೇಳಿ ಹೊರಟರು. ಕಣ್ಣು ಒದ್ದೆಯಾಗಿತ್ತು. ಭಾವುಕರಾಗಿದ್ದಾರೆ, ಇವತ್ತು ರಜ ತೆಗೆದುಕೊಳ್ಳಲಿ ಎಂದುಕೊಂಡೆ. ನನ್ನ ಕಣ್ಣೂ ಒದ್ದೆಯಾಗಿತ್ತು, ಆದರೆ ಅದು ನನ್ನ ಮೇಲಿನ ಮೆಚ್ಚುಗೆಯಿಂದ.

ಮರುದಿನ ಅವರು ಬರಲಿಲ್ಲ. ಫೋನು ಸ್ವಿಚ್ ಆಫ್. ಅವತ್ತು ಒಂದು ಗೃಹಪ್ರವೇಶಕ್ಕೆ ಪೆಂಡಾಲು ಹಾಕಬೇಕಿತ್ತು, ನಾನೇ ಮುಂದೆ ನಿಂತು ಹಾಕಿಸಿದೆ. ಬಯಲಿನಲ್ಲಿ ನಾನೂ ಒಂದು ಸುತ್ತು ನಡೆದು ಹಿಮ್ಮಡಿ ಒತ್ತಿ ‘ಇಲ್ಲಿ’ ಎಂದೆ. ಅಲ್ಲಿ ನೀರಿನ ಪೈಪು ಇತ್ತು. ಪೈಪು ರಿಪೇರಿಯಾಗಿ ಪೆಂಡಾಲು ನಿಂತಾಗ ಅದರ ಬಾಗಿಲು ಹೊಸಮನೆಗೆ ಬೆನ್ನು ಮಾಡಿ ಪಕ್ಕದ ಮನೆಯವರ ಹಸುಗಳನ್ನು ಸ್ವಾಗತಿಸುತ್ತಿತ್ತು. ಮನೆಯ ಯಜಮಾನರು ‘ಮೇಸ್ತ್ರಿ ಉಷಾರಿಲ್ವಾ?’ ಎಂದಷ್ಟೇ ಕೇಳಿದರು. ಸಂಜೆ ಹಳ್ಳಿಮೈಸೂರಿನ ತಮ್ಮನಿಗೆ ಫೋನು ಮಾಡಿದಾಗ, ಅಣ್ಣ ಕೊಣನೂರಿನಲ್ಲಿರುವ ಮಗಳ ಮನೆಗೆ ಹೋದರೆಂದೂ, ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲವೆಂದೂ ಗೊತ್ತಾಯಿತು.

ಬುಧವಾರ ಬುಕಿಂಗ್ ಪುಸ್ತಕ ತೆಗೆದು ನೋಡಿದೆ. ಬರುವ ಭಾನುವಾರ ಚನ್ನರಾಯಪಟ್ಟಣದ ಬಟ್ಟೆ ವ್ಯಾಪಾರಿ ಪದ್ಮರಾಜಯ್ಯನವರ ಮಗಳ ಮದುವೆ. ಅವರು ಜೈನರು, ಆಚಾರವಂತರು. ಅವರ ಮನೆಯ ಅಡುಗೆಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ನೆಲದೊಳಗೆ ಬೆಳೆಯುವ ಯಾವ ಗೆಡ್ಡೆಯೂ ಇಲ್ಲ, ಆಲೂಗಡ್ಡೆಯ ಈ ಹಾಸನ ಸೀಮೆಯಲ್ಲಿ ಅದೊಂದು ದೊಡ್ಡ ವ್ರತವೇ. ಅದಕ್ಕಿಂತ ಮುಖ್ಯವಾಗಿ, ಮಾಂಸದ ಅಡುಗೆ ಮಾಡಿದ ಪಾತ್ರೆ ಅವರ ಒಲೆ ಏರಬಾರದು. ಇಂಥವರಿಗಾಗಿಯೇ ನಂಜೇಗೌಡರು ಒಂದು ಜೊತೆ ಕೊಪ್ಪರಿಗೆ, ಕೊಳಗ, ಸೌಟುಗಳನ್ನು ಬೇರೆಯಾಗಿ ಇಟ್ಟಿದ್ದರು. ಎಲ್ಲಿ ಎಂದು ನೋಡಲು ಉಗ್ರಾಣ ತೆಗೆದೆ. ಗೋಡೆಯ ಪಕ್ಕ ಮೂರು ರಾಶಿ. ಮೂರೂ ಒಂದೇ ಗಾತ್ರ, ಒಂದೇ ಬಣ್ಣ, ಒಂದೇ ಹೊಳಪು. ಬಣ್ಣದ ಗುರುತಾದರೂ ಹಾಕಿ ಎಂದು ನಾನೇ ಒಮ್ಮೆ ಹೇಳಿದ್ದೆ. ‘ಬಣ್ಣ ಯಾರ್ ಬೇಕಾದ್ರೂ ಬಳೀಬೋದು ಸಾ. ನನ್ ಕೈಗೆ ಗೊತ್ತೈತೆ’ ಎಂದಿದ್ದರು. ಈಗ ಆ ಕೈ ಕೊಣನೂರಿನಲ್ಲಿತ್ತು.

ಮೂರು ರಾಶಿಗಳ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಸಾದಿಕ್ ‘ಎಲ್ಲಾ ಬೆಳಗಿರೋವೇ ಅಲ್ವಾ ಸಾ, ಯಾವ್ದಾರ ಒಂದ್ ಆಕ್ಕಂಡ್ ಓಗದಾ?’ ಎಂದ. ಅವನು ಹೇಳಿದ್ದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಯಾವುದನ್ನು ಕಳಿಸಿದರೂ ಪದ್ಮರಾಜಯ್ಯನವರಿಗೆ ಗೊತ್ತಾಗುವುದಿಲ್ಲ. ಒಂದು ಕ್ಷಣ ನನಗೂ ಹೂಂ ಎನ್ನಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮನುಷ್ಯ ಮಗಳ ಮದುವೆಯ ಅಡುಗೆಗೆ ಒಬ್ಬ ಕ್ರೈಸ್ತನ ಅಂಗಡಿಯ ಪಾತ್ರೆಯನ್ನು ನಂಬಿ ತರಿಸಿಕೊಳ್ಳುತ್ತಾರೆ, ಒಂದು ಪ್ರಶ್ನೆಯನ್ನೂ ಕೇಳದೆ. ಶಿಬಿರದಲ್ಲಿ ಎರಡು ದಿನ ನಾನು ಬರೆದುಕೊಂಡ ಪುಸ್ತಕದ ತುಂಬ ನಂಬಿಕೆಯ ಬಗ್ಗೆ ಮಾತಿತ್ತು. ಅಷ್ಟನ್ನೂ ನಮ್ಮ ಅಂಗಡಿಯಲ್ಲಿ ನಂಜೇಗೌಡರು ಒಂದು ಕತ್ತಲೆ ಕೋಣೆಯಲ್ಲಿ ಬೇರೆಯಾಗಿ ಜೋಡಿಸಿಟ್ಟಿದ್ದರು, ನನಗೆ ಅದು ಯಾವ ಮೂಲೆಯಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಮನೆಗೆ ಬಂದು ಲೂರ್ದಮ್ಮನಿಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತಾ, ‘ಶಾಲು ಯಾಕ್ರೀ ಹೊದಿಸಿದ್ರಿ? ಬೀಗದ ಕೈ ಯಾಕೆ ಇಸ್ಕೊಂಡ್ರಿ?’ ಎಂದಳು. ನಾನು ಇಸ್ಕೊಳ್ಳಲಿಲ್ಲ, ಅವರೇ ಇಟ್ಟರು ಎಂದೆ. ‘ಅವರು ಯಾಕೆ ಇಟ್ರು ಅಂತ ನಿಮಗೆ ಇನ್ನೂ ಹೊಳೀಲಿಲ್ವಾ?’ ಎಂದವಳೇ ನನ್ನ ಕಡೆ ನೋಡಿದ ನೋಟದಲ್ಲಿ ಮೂವತ್ತು ವರ್ಷದ ಸಂಸಾರವೆಲ್ಲ ಇತ್ತು.

ಮರುದಿನ ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಕೊಣನೂರು ಸೇರಿದೆ. ಅವತ್ತು ಸಂತೆ. ಮಗಳ ಮನೆಯಲ್ಲಿ ‘ಅಪ್ಪ ಸಂತೆ ಕಡೀಕೆ ಓದ್ರು’ ಎಂದರು. ಸಂತೆಯಲ್ಲಿ ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಸಾಲಾಗಿ ಕಟ್ಟಿದ ಟಾರ್ಪಾಲುಗಳೆಲ್ಲ ಗಾಳಿಗೆ ಪಟಪಟ ಬಡಿಯುತ್ತಿದ್ದವು, ಮೂಲೆಯ ಮೆಣಸಿನಕಾಯಿ ವ್ಯಾಪಾರಿಯ ಟಾರ್ಪಾಲು ಮಾತ್ರ ಮಂಚದ ಹಗ್ಗದಷ್ಟು ಬಿಗಿಯಾಗಿ ನಿಂತಿತ್ತು. ಅದರ ಕೆಳಗೆ ನಂಜೇಗೌಡರು ಕೂತಿದ್ದರು. ನನ್ನನ್ನು ಕಂಡು ಗಾಬರಿಯಿಂದ ಎದ್ದರು.

‘ಏನ್ ಸಾ, ನೀವ್ ಇಲ್ಲೀಗಂಟ?’

‘ಯಾಕ್ರೀ ಗೌಡ್ರೆ ಕೆಲಸಕ್ಕೆ ಬರಲಿಲ್ಲ?’

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ‘ಕೆಲ್ಸುಕ್ಕಾ? ಮಾರಾಜನ್ ಕುರ್ಚಿ ಮ್ಯಾಲೆ ಕೂರ್ಸಿ, ಶಾಲ್ ಒದ್ಸಿ, ದ್ಯಾವ್ರು ಆಯಸ್ಸು ಕೊಡ್ಲಿ ಅಂತ ಭಾಷ್ಣ ಮಾಡಿ, ಚಪ್ಪಾಳೆ ತಟ್ಟುಸ್ಬುಟ್ರಿ. ನಲವತ್ ವರ್ಸ್ದಿಂದ ಇಂಥವ್ಕೆ ಪೆಂಡಾಲ್ ಆಕಿವ್ನಿ ಸಾ. ನಮ್ ಶಾಲ್ ಒದ್ಕೊಂಡೋನು ಒಬ್ಬನಾರ ಮಾರ್ನೆ ದಿನ ಕೆಲ್ಸುಕ್ಕೆ ಓಗಿದ್ ನಾ ಕಂಡಿಲ್ಲ.’ ಮಾತು ನಿಲ್ಲಿಸಿ ಟಾರ್ಪಾಲಿನ ಹಗ್ಗವನ್ನು ಒಮ್ಮೆ ಎಳೆದು ನೋಡಿದರು. ‘ವಯಸ್ಸಾಯ್ತು, ಸಾಕು ಅಂತ ಒಂದ್ ಮಾತ್ ಏಳಿದ್ರೆ ನಾನೇ ಬುಡ್ತಿದ್ದೆ. ದೊಡ್ಡೋರ್ ಮಗ ನೀವು, ನನ್ ಕಾಲ್ ಯಾಕ್ ಮುಟ್ಟುದ್ರಿ?’

ನನಗೆ ಆ ಭಾಷಣ ಎಲ್ಲಿಂದ ಬಂತೆಂದು ಆಗ ಹೊಳೆಯಿತು. ಹೆಡ್‌ಮಾಸ್ಟರು, ಗುಮಾಸ್ತರು, ಪೋಸ್ಟ್‌ಮನ್‌ಗಳು ನಿವೃತ್ತರಾಗುವಾಗ ಪೆಂಡಾಲಿನ ಹಿಂದೆ ನಿಂತು ಕೇಳಿಕೇಳಿ ನನಗೆ ಬರುವುದು ಅದೊಂದೇ ಭಾಷಣ. ಪ್ರೀತಿ ಉಕ್ಕಿದಾಗಲೂ ಬಾಯಿಗೆ ಬಂದದ್ದು ಅದೇ. ಸಂತೆಯ ಗದ್ದಲದಲ್ಲಿ, ಮೆಣಸಿನಕಾಯಿಯ ಘಾಟಿಗೆ ಸೀನುತ್ತಾ, ನಾನು ಅವರಿಗೆ ಶಿಬಿರದ ಕಥೆಯನ್ನೂ ಯೇಸುಸ್ವಾಮಿಯ ಕಥೆಯನ್ನೂ ಹೇಳಿದೆ. ಸಾಯುವ ಹಿಂದಿನ ದಿನ ತಮ್ಮ ಹನ್ನೆರಡು ಜನರ ಕಾಲನ್ನು ಅವರು ತೊಳೆದದ್ದು, ಯಜಮಾನನಾದವನು ಆಳಾಗಿ ನಿಲ್ಲಬೇಕೆಂದದ್ದು, ಎಲ್ಲವನ್ನೂ. ನಂಜೇಗೌಡರು ಗಮನವಿಟ್ಟು ಕೇಳಿದರು.

‘ಅವ್ರು ಕಾಲ್ ತೊಳುದ್ಮ್ಯಾಕೆ ಆ ಅನ್ನೆಲ್ಡ್ ಜನ ಕೆಲ್ಸ ಬುಟ್ರಾ?’

‘ಇಲ್ಲ. ಅವರ ಕೆಲಸ ಶುರುವಾದದ್ದೇ ಅದಾದ ಮೇಲೆ.’

‘ಅದ್ನ ಮೊದ್ಲೇ ಏಳ್ಬೇಕಲ್ವಾ ಸಾ.’

‘ಒಬ್ಬ ಮಾತ್ರ ಬಿಟ್ಟ. ಅವನೇ ಆಮೇಲೆ ಅವರನ್ನು ಹಿಡಿದುಕೊಟ್ಟದ್ದು.’

‘ಅದು ಅವ್ರಿಗೆ ಮೊದ್ಲೇ ಗೊತ್ತಿತ್ತಾ?’

‘ಗೊತ್ತಿತ್ತು.’

‘ಅವುನ್ ಕಾಲ್ನೂ ತೊಳುದ್ರಾ?’

‘ತೊಳೆದರು.’

ನಂಜೇಗೌಡರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ‘ಅಂಗಾರೆ ಅವ್ರು ಯಜಮಾನ್ರು ಕಣ ಸಾ’ ಎಂದರು. ಮಗಳ ಮನೆಗೆ ಹೋಗಿ ಚೀಲ ತಂದರು. ಬಸ್ಸು ಅರಕಲಗೂಡು ದಾಟಿದ ಮೇಲೆ ಒಂದು ಷರತ್ತು ಹಾಕಿದರು. ‘ಇನ್ನೊಂದ್ ಕಿತ ನನ್ ಕಾಲಿಗೆ ಕೈ ಆಕ್ಬ್ಯಾಡಿ. ಅದು ನಂಗೆ ಸರಿ ಓಗಾಕಿಲ್ಲ. ಸೇವೆ ಮಾಡ್ಬೇಕು ಅಂತ ನಿಮ್ಗೆ ಅನ್ಸುದ್ರೆ, ಕೊಪ್ಪರ್ಗೆ ಐತೆ.’

ಉಗ್ರಾಣಕ್ಕೆ ಹೋದ ನಂಜೇಗೌಡರು ಮೂರು ರಾಶಿಗಳ ಮೇಲೆ ಕೈಯಾಡಿಸಿ ನಡುವಿನದನ್ನು ತೋರಿಸಿದರು. ಭಾನುವಾರ ಪೂಜೆ ಮುಗಿಸಿಕೊಂಡು ನಾನು ಚನ್ನರಾಯಪಟ್ಟಣ ತಲುಪುವಾಗ ಊಟದ ಕೊನೆಯ ಪಂಕ್ತಿ ಏಳುತ್ತಿತ್ತು. ಪೆಂಡಾಲಿನ ಹಿಂದೆ ಹೋಗಿ ಬೂಟು ಕಳಚಿ, ಪ್ಯಾಂಟು ಮಡಿಸಿ, ಹುಳಿ ಮಾಡಿದ ಕೊಪ್ಪರಿಗೆಯ ಮುಂದೆ ಕೂತೆ. ಅದರ ತಳ ಮುಟ್ಟಬೇಕಾದರೆ ಮನುಷ್ಯ ಸೊಂಟದವರೆಗೆ ಒಳಗೆ ಇಳಿಯಬೇಕು. ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಉಜ್ಜತೊಡಗಿದೆ. ಒಳಗೆ ನನ್ನ ಏದುಸಿರೇ ನನಗೆ ದೊಡ್ಡದಾಗಿ ಕೇಳಿಸುತ್ತಿತ್ತು. ಹೊರಗೆ ಸಾದಿಕ್ ಮತ್ತು ಉಳಿದವರು ಮೊದಲು ನಕ್ಕರು, ಆಮೇಲೆ ನನ್ನ ಪಕ್ಕದಲ್ಲೇ ಕೂತು ತಮ್ಮ ಪಾತ್ರೆಗಳನ್ನು ಉಜ್ಜುತ್ತಾ ಅವರವರ ಮನೆಯ ಮಾತು ಆಡತೊಡಗಿದರು. ಸಾದಿಕನ ಮಗಳು ಪಿಯುಸಿಯಲ್ಲಿ ಓದುತ್ತಿದ್ದಾಳೆಂದು ನನಗೆ ಗೊತ್ತಾದದ್ದು ಆ ಕೊಪ್ಪರಿಗೆಯ ಒಳಗಿನಿಂದಲೇ. ಎಲೆಯಡಿಕೆ ಹಿಡಿದು ಬಂದ ಪದ್ಮರಾಜಯ್ಯನವರು ಹೊರಗೆ ಕಾಣುತ್ತಿದ್ದ ನನ್ನ ಅರ್ಧ ಭಾಗವನ್ನು ಹೇಗೆ ಗುರುತಿಸಿದರೋ, ‘ಇದೇನ್ ಇನ್ನಾಸಪ್ಪನವರೆ, ನೀವೇ ತೊಳೀತಿದೀರಾ?’ ಎಂದರು. ನಾನು ತಲೆ ಹೊರತೆಗೆಯುವಷ್ಟರಲ್ಲಿ ನಂಜೇಗೌಡರು, ‘ಅವ್ರಿಗೆ ಭಾನ್ವಾರ ಇದೂ ಒಂದ್ ಪೂಜೆ ಸಾ’ ಎಂದರು. ಪದ್ಮರಾಜಯ್ಯನವರು ತಲೆದೂಗಿ, ನನಗೂ ಒಂದು ಎಲೆ ಹಾಕಲು ಒಳಗೆ ಹೇಳಿಹೋದರು. ನಾನು ಹೊರಬಂದಾಗ ನಂಜೇಗೌಡರು ಕೊಪ್ಪರಿಗೆಯ ಒಳಗೆ ಬೆರಳಾಡಿಸಿ ನೋಡಿ, ಒಂದು ಜಾಗದ ಮುಂದೆ ಸುಮ್ಮನೆ ನಿಂತುಕೊಂಡರು. ನಾನು ಮತ್ತೆ ಒಳಗೆ ಇಳಿದೆ.

ಅಂದಿನಿಂದ ತಿಂಗಳಿಗೊಂದು ಭಾನುವಾರ ಪೂಜೆಯಾದ ಮೇಲೆ ನನ್ನದು ಇದೇ ಸೇವೆ. ಸೊಂಟ ಹಿಡಿದುಕೊಳ್ಳುತ್ತದೆ, ನಿಜ. ಆದರೆ ಚರ್ಚಿನಲ್ಲಿ ಕೂತಾಗ ಗಾಳಿಯ ಬಗ್ಗೆ ಯೋಚನೆ ಬರುವುದು ಕಡಿಮೆಯಾಗಿದೆ. ಈಗ ಕೆಲಸದವರು ನಾನು ಹಗ್ಗದ ಮುಂದೆ ನಿಂತರೆ ಸರಿಯಿರಿ ಎನ್ನುವುದಿಲ್ಲ, ‘ಒಸಿ ಇದ್ನ ಇಡ್ಕಳಿ ಸಾ’ ಎನ್ನುತ್ತಾರೆ. ನನ್ನ ಪಾಲಿಗೆ ಇದು ದೊಡ್ಡ ಬಡ್ತಿ.

ಮರುವರ್ಷ ಹಾಸನದ ಅದೇ ಶಿಬಿರದಿಂದ ನನಗೆ ಕರೆ ಬಂತು, ಈ ಸಲ ಅನುಭವ ಹೇಳಲು. ಫಾದರ್ ಎಲ್ಲರಿಗೂ ಕೊಪ್ಪರಿಗೆಯ ಸುದ್ದಿ ಹೇಳಿಬಿಟ್ಟಿದ್ದರು. ನಾನು ಏನೇನೋ ಮಾತಾಡಿದೆ. ಕೋಳಿಫಾರಂ ಮಾಲೀಕರು ಮೊದಲ ಸಾಲಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡರು, ಅವರು ಅದನ್ನು ಕೋಳಿಗಳಿಗೆ ಹೇಗೆ ಅನ್ವಯಿಸಿದರೋ ಗೊತ್ತಿಲ್ಲ. ಕೊನೆಯಲ್ಲಿ ತರಬೇತುದಾರರು ನನ್ನನ್ನು ಒಂದು ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಕೈಯಿಟ್ಟ ಕಡೆ ಸಿಂಹದ ತಲೆ ತಗುಲಿತು. ಸಮಾರಂಭದ ಸಾಮಾನು ನಮ್ಮ ಅಂಗಡಿಯಿಂದಲೇ ಬಂದಿತ್ತು. ನನ್ನ ತಲೆಗೆ ಮೈಸೂರು ಪೇಟ ಇಟ್ಟರು, ಶಾಲು ಹೊದಿಸಿದರು. ‘ಇನ್ನಾಸಪ್ಪನವರು ಇಷ್ಟು ವರ್ಷ ಬೆವರು ಸುರಿಸಿದ್ದಾರೆ. ಭಗವಂತ ಅವರಿಗೆ ಆಯುರಾರೋಗ್ಯ ಕೊಡಲಿ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಭೆಯ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ನಂಜೇಗೌಡರ ಕಡೆ ನೋಡಿದೆ. ಅವರೂ ಚಪ್ಪಾಳೆ ತಟ್ಟುತ್ತಿದ್ದರು, ಎಲ್ಲರಿಗಿಂತ ಸ್ವಲ್ಪ ಜೋರಾಗಿ.

ಆ ದಿನ ಊಟ ರುಚಿಸಲಿಲ್ಲ. ಅಂಗಡಿ ನನ್ನದೇ, ಬೋರ್ಡು ನನ್ನದೇ, ನನ್ನನ್ನು ಯಾರು ತಾನೆ ಬಿಡಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಮರುದಿನ ಬೆಳಗ್ಗೆ ಕಾಫಿಯನ್ನೂ ಕುಡಿಯದೆ, ಶಾಲು ಪೇಟಗಳನ್ನು ಚೀಲದಲ್ಲಿ ಹಾಕಿಕೊಂಡು, ಎಂದಿಗಿಂತ ಒಂದು ಗಂಟೆ ಮುಂಚೆ ಅಂಗಡಿಗೆ ಓಡಿದೆ. ಬಾಗಿಲು ಆಗಲೇ ತೆರೆದಿತ್ತು. ನಂಜೇಗೌಡರು ಸಾಮಾನು ಜೋಡಿಸುತ್ತಿದ್ದವರು ನನ್ನ ಮುಖವನ್ನೂ ಕೈಯಲ್ಲಿದ್ದ ಚೀಲವನ್ನೂ ಒಂದು ಗಳಿಗೆ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತೆಂದು ನನಗೆ ಗೊತ್ತಾಯಿತು. ಆದರೆ ನಗಲಿಲ್ಲ, ಅಷ್ಟು ದೊಡ್ಡ ಮನುಷ್ಯ.

‘ಪೇಟ ಕೊಡಿ ಸಾ, ಮಧ್ಯಾನ ಅರಕಲಗೂಡಲ್ಲಿ ಒಬ್ರು ಮೇಷ್ಟ್ರು ರಿಟೈರ್ ಆಯ್ತಾವ್ರೆ’ ಎಂದು ಕೈ ಚಾಚಿ ಇಸಿದುಕೊಂಡರು. ಆಮೇಲೆ ಹಿತ್ತಿಲ ಕಡೆ ತಲೆಯಾಡಿಸಿ, ‘ನೆನ್ನೆ ತಪ್ಪೋದ ನಿಮ್ ಕೊಪ್ಪರ್ಗೆ ನೆನೆ ಆಕಿವ್ನಿ’ ಎಂದರು.

ನನಗೆ ಹೋದ ಜೀವ ಬಂತು. ಶಾಲನ್ನು ಗೂಟಕ್ಕೆ ತಗುಲಿಹಾಕಿ, ಪ್ಯಾಂಟು ಮಡಿಸಿಕೊಂಡು ಹಿತ್ತಿಲಿಗೆ ಹೋದೆ.